ಬೈಕಿನ ಸ್ಪಾರ್ಕ್ ಪ್ಲಗ್ ಮನೆಯಲ್ಲೇ ಬದಲಾಯಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಬೈಕಿನ ಸಣ್ಣಪುಟ್ಟ ರಿಪೇರಿ ನಾನೇ ಮಾಡಿಕೊಳ್ಳುತ್ತೇನೆ ಅಂತ ಗೊತ್ತಾದವರು ಮೊದಲು ಕೇಳುವುದು ಪ್ಲಗ್ ಬಗ್ಗೆಯೇ, ಅಂದರೆ ಎಂಜಿನ್ ಒಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಆ ಪುಟ್ಟ ಭಾಗದ ಬಗ್ಗೆ. ಎದುರು ಸಿಕ್ಕಾಗ, ಫೋನಿನಲ್ಲಿ, ಪತ್ರದಲ್ಲಿ ಬಂದ ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ. ಪುರುಸೊತ್ತಿಲ್ಲದಿದ್ದರೆ ಪ್ಲಗ್ ಕೂರಿಸುವುದು, ಬಿಗಿ ಮಾಡುವುದು, ಈ ಎರಡನ್ನಾದರೂ ಓದಿ. ಗಾಡಿ ಕೆಡುವುದು ಅಲ್ಲೇ.

## ಶುರು ಮಾಡುವ ಮೊದಲು

ನನಗೆ ಮೆಕ್ಯಾನಿಕ್ ಕೆಲಸ ಏನೂ ಗೊತ್ತಿಲ್ಲ. ನಾನೂ ಮಾಡಬಹುದಾ?

ಮಾಡಬಹುದು. ನಟ್ಟು ಯಾವ ಕಡೆ ತಿರುಗಿಸಿದರೆ ಸಡಿಲವಾಗುತ್ತದೆ ಅಂತ ಗೊತ್ತಿದ್ದರೆ ಸಾಕು. ಒಂದೇ ಸಿಲಿಂಡರ್ ಇದ್ದು ಪ್ಲಗ್ ಎದುರಿಗೇ ಕಾಣುವಂತಿದ್ದರೆ ಹದಿನೈದು ನಿಮಿಷದ ಕೆಲಸ. ಮೊದಲ ಸಲ ಒಂದು ಗಂಟೆ ಇಟ್ಟುಕೊಳ್ಳಿ. ನಾಲ್ಕು ಸಿಲಿಂಡರ್ ಬೈಕಾದರೆ ಟ್ಯಾಂಕ್ ಎತ್ತಬೇಕು, ಏರ್ ಫಿಲ್ಟರ್ ಡಬ್ಬಿ ಬಿಚ್ಚಬೇಕು. ಅಲ್ಲಿ ಪ್ಲಗ್ ಬದಲಾಯಿಸುವುದಕ್ಕಿಂತ ಪ್ಲಗ್ ತನಕ ಕೈ ತಲುಪಿಸುವುದೇ ದೊಡ್ಡ ಕೆಲಸ.

ಒಂದೇ ಸಿಲಿಂಡರ್‌ಗೆ ಎರಡು, ಮೂರು ಪ್ಲಗ್ ಇರುವ ಎಂಜಿನ್‌ಗಳೂ ಇವೆ. ಕಣ್ಣಿಗೆ ಬಿದ್ದ ಒಂದನ್ನು ಬದಲಾಯಿಸಿ, ಮುಗೀತು ಅಂತ ಕೈ ತೊಳೆದುಕೊಂಡವರನ್ನು ನೋಡಿದ್ದೇನೆ. ಇನ್ನೊಂದು ಕಡೆಯೂ ಬಗ್ಗಿ ನೋಡಿ.

ಪ್ಲಗ್ ಹೋಗಿದೆ ಅಂತ ಗೊತ್ತಾಗೋದು ಹೇಗೆ?

ಬೆಳಿಗ್ಗೆ ಸ್ಟಾರ್ಟ್ ಮಾಡಲು ಜಾಸ್ತಿ ಹೊತ್ತು ಸೆಲ್ಫ್ ಒತ್ತಬೇಕಾಗುತ್ತದೆ. ನಿಂತಲ್ಲೇ ಐಡಲಿಂಗ್ ಏರುಪೇರಾಗುತ್ತದೆ. ಆಕ್ಸಿಲರೇಟರ್ ಒಮ್ಮೆಲೇ ತಿರುಗಿಸಿದರೆ ಗಾಡಿ ತಡವರಿಸುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ (ನಡುನಡುವೆ ಪೆಟ್ರೋಲ್ ಹೊತ್ತದೆ ಮುಗ್ಗರಿಸುತ್ತದೆ). ಪೆಟ್ರೋಲ್ ಖರ್ಚು ನಿಧಾನವಾಗಿ ಏರುತ್ತದೆ. ಇವೆಲ್ಲ ಬೇರೆ ಕಾರಣಕ್ಕೂ ಬರಬಹುದು, ನಿಜ. ಆದರೆ ಪ್ಲಗ್ ಬಿಚ್ಚಿ ನೋಡುವುದು ಎಲ್ಲಕ್ಕಿಂತ ಸುಲಭ, ಅದಕ್ಕೇ ಅಲ್ಲಿಂದ ಶುರು ಮಾಡುವುದು.

ಗಾಡಿ ಚೆನ್ನಾಗೇ ಓಡ್ತಿದೆ. ಆದ್ರೂ ಇಷ್ಟು ಕಿಲೋಮೀಟರ್‌ಗೆ ಬದಲಾಯಿಸಲೇಬೇಕಾ?

ಒಂದು ಲೆಕ್ಕ ಹಾಕೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ 10,000 ಕಿಲೋಮೀಟರ್ ಓಡಲು 200 ಗಂಟೆ ಬೇಕು. ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುತ್ತಿದ್ದರೆ ಅಷ್ಟರಲ್ಲಿ 6 ಕೋಟಿ ಸುತ್ತು. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೊಂದು ಕಿಡಿ ಅಂದರೂ 3 ಕೋಟಿ ಕಿಡಿ ಆಯಿತು. ಎಷ್ಟೋ ಬೈಕುಗಳಲ್ಲಿ ಪ್ರತಿ ಸುತ್ತಿಗೂ ಕಿಡಿ ಹಾರುತ್ತದೆ, ಅಲ್ಲಿ ಇದರ ಎರಡರಷ್ಟು. ಒಂದೊಂದು ಕಿಡಿಯೂ ಕಣ್ಣಿಗೆ ಕಾಣದಷ್ಟು ಲೋಹವನ್ನು ಸವೆಸುತ್ತದೆ. ಗ್ಯಾಪ್, ಅಂದರೆ ಪ್ಲಗ್ಗಿನ ತುದಿಯಲ್ಲಿ ನಡುವಿನ ಕಡ್ಡಿಗೂ ಬಾಗಿದ ಕೊಕ್ಕೆಗೂ ಮಧ್ಯೆ ಕಿಡಿ ಹಾರುವ ಸಂದು, ಅಗಲವಾಗುತ್ತಾ ಹೋಗುತ್ತದೆ, ಅದನ್ನು ದಾಟಿಸಲು ಕಾಯಿಲ್ (ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಸುರುಳಿ) ಹೆಚ್ಚು ವೋಲ್ಟೇಜ್ ಕೊಡಬೇಕಾಗುತ್ತದೆ. ಇದು ಎಷ್ಟು ನಿಧಾನವೆಂದರೆ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಹೊಸದು ಹಾಕಿದ ದಿನ ಗೊತ್ತಾಗುತ್ತದೆ.

ಸಾಮಾನ್ಯ ನಿಕಲ್ ಪ್ಲಗ್‌ಗೆ 8,000ದಿಂದ 12,000 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಇರಿಡಿಯಂ ಎಂಬ ಲೋಹದ ತುದಿ ಇರುವ ಪ್ಲಗ್ ಇದರ ಎರಡು ಮೂರು ಪಟ್ಟು ಬಾಳುತ್ತದೆ. ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ.

ಪ್ಲಗ್ ಮೇಲೆ ಏನೇನೋ ಅಕ್ಷರ, ನಂಬರ್ ಇದೆ. ಅದನ್ನ ಓದೋದು ಹೇಗೆ?

ಓದಲು ಬಾರದಿದ್ದರೂ ಪರವಾಗಿಲ್ಲ, ಮ್ಯಾನ್ಯುಯಲ್‌ನಲ್ಲಿರುವ ನಂಬರನ್ನೇ ಒಂದಕ್ಷರ ಬಿಡದೆ ತಂದರೆ ಸಾಕು. ಹಳೇ ಪ್ಲಗ್ ನೋಡಿ ಅದರಂಥದ್ದೇ ತರುವುದರಲ್ಲಿ ಒಂದು ಅಪಾಯ ಇದೆ: ಹಿಂದಿನವರು ಹಾಕಿದ್ದೇ ತಪ್ಪಾಗಿರಬಹುದು.

ಕುತೂಹಲ ಇದ್ದವರಿಗೆ ಒಂದು ಉದಾಹರಣೆ. ಎನ್‌ಜಿಕೆ ಅನ್ನುವ ಪ್ಲಗ್ ಕಂಪನಿಯ ಸಿಪಿಆರ್8ಇಎ-9 ತೆಗೆದುಕೊಳ್ಳಿ. 'ಸಿ' ಅಂದರೆ ಥ್ರೆಡ್ಡಿನ (ತಿರುಪಿನ) ಅಡ್ಡಳತೆ 10 ಮಿಲಿಮೀಟರ್. 'ಪಿ' ಅಂದರೆ ಒಳಗಿನ ಪಿಂಗಾಣಿ ತುದಿ ಸ್ವಲ್ಪ ಮುಂದೆ ಚಾಚಿದೆ. 'ಆರ್' ಅಂದರೆ ಒಳಗೆ ರೆಸಿಸ್ಟರ್ ಇದೆ. '8' ಶಾಖದ ಅಂಕಿ, ಅದರ ಅರ್ಥ ಮುಂದೆ ಹಾಟ್ ಪ್ಲಗ್, ಕೋಲ್ಡ್ ಪ್ಲಗ್ ಪ್ರಶ್ನೆಯಲ್ಲಿದೆ. 'ಇ' ಅಂದರೆ ಥ್ರೆಡ್ಡಿನ ಉದ್ದ 19 ಮಿಲಿಮೀಟರ್. ಕೊನೆಯ '9' ಅಂದರೆ 0.9 ಮಿಲಿಮೀಟರ್ ಗ್ಯಾಪ್.

ಇದರಲ್ಲಿ ಉದ್ದದ ಅಕ್ಷರವೇ ಅಪಾಯದ್ದು. 'ಇ' ಇರಬೇಕಾದಲ್ಲಿ 'ಎಚ್' ಬಂದರೆ ಉದ್ದ 12.7 ಮಿಲಿಮೀಟರ್ ಆಗುತ್ತದೆ. ಆಗ ಹೆಡ್ಡಿನ (ಸಿಲಿಂಡರ್ ಮೇಲಿನ, ಪ್ಲಗ್ ಕೂರುವ ಮುಚ್ಚಳದ) ಖಾಲಿ ಥ್ರೆಡ್ಡಿನಲ್ಲಿ ಮಸಿ ಕಟ್ಟಿಕೊಳ್ಳುತ್ತದೆ, ಮುಂದೆ ಸರಿಯಾದ ಪ್ಲಗ್ ಕೂರುವುದೇ ಇಲ್ಲ. ಅದಕ್ಕಿಂತ ಕೆಟ್ಟದ್ದು ಗಿಡ್ಡ ಇರುವಲ್ಲಿ ಉದ್ದದ್ದು ಹಾಕುವುದು. ಪಿಸ್ಟನ್ ಮೇಲೆ ಬಂದಾಗ ಪ್ಲಗ್ಗಿಗೆ ಬಡಿಯಬಹುದು.

ಯಾವ ಯಾವ ಸಾಮಾನು ಬೇಕು?

ಪ್ಲಗ್ ಪಾನಾ, ಅದಕ್ಕೆ ತೂರಿಸುವ ರಾಡ್, ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಲೋಹದ ಎಲೆಗಳು), ಹಳೇ ಬ್ರಷ್, ಸೈಕಲ್ ಪಂಪು, ಒಂದು ಬಟ್ಟೆ ಚೂರು. ಇಷ್ಟೇ. ಪಾನಾ ಅಳತೆ ಥ್ರೆಡ್ ಮೇಲೆ ಹೋಗುತ್ತದೆ. ಸಾಮಾನ್ಯವಾಗಿ 10 ಮಿಲಿಮೀಟರ್ ಥ್ರೆಡ್ ಪ್ಲಗ್‌ಗೆ 16ರ ಪಾನಾ, 12ಕ್ಕೆ 18ರದ್ದು, 14ಕ್ಕೆ 20.8ರದ್ದು. ಬೈಕಿನ ಜೊತೆ ಬರುವ ತಗಡಿನ ಪಾನಾ ತುರ್ತಿಗೆ ಆಗುತ್ತದೆ. ಒಳಗೆ ರಬ್ಬರ್ ಹಿಡಿತ ಇರುವ ಸಾಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು, ಆಳದ ಗುಂಡಿಯಿಂದ ಪ್ಲಗ್ ತಾನಾಗಿ ಎದ್ದು ಬರುತ್ತದೆ.

## ಬಿಚ್ಚುವುದು, ಕೂರಿಸುವುದು

ಓಡಿಸ್ಕೊಂಡು ಬಂದ ತಕ್ಷಣ ಬಿಚ್ಚಬಹುದಾ?

ಬೇಡ. ಕೈ ಸುಡುವುದು ಒಂದು ಕಾರಣ, ಅದು ದೊಡ್ಡದಲ್ಲ. ಹೆಡ್ ಅಲ್ಯೂಮಿನಿಯಂನದು, ಪ್ಲಗ್ಗಿನ ಮೈ ಉಕ್ಕಿನದು. ಬಿಸಿಯಲ್ಲಿ ಅಲ್ಯೂಮಿನಿಯಂ ಮೆದುವಾಗಿರುತ್ತದೆ, ಉಕ್ಕಿನ ಥ್ರೆಡ್ ಅದನ್ನು ಕಿತ್ತುಕೊಂಡೇ ಬರಬಹುದು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮಾಡಿ.

ಬಿಚ್ಚೋದು ಹೇಗೆ, ಒಂದ್ಸಲ ಬಿಡಿಸಿ ಹೇಳಿ.

ಕೀ ತೆಗೆಯಿರಿ. ಪ್ಲಗ್ ಕ್ಯಾಪನ್ನು ಹಿಡಿದು ಸ್ವಲ್ಪ ಆ ಕಡೆ ಈ ಕಡೆ ತಿರುಚಿ ನೇರವಾಗಿ ಎಳೆಯಿರಿ. ವೈರ್ ಹಿಡಿದು ಎಳೆಯಬೇಡಿ, ಅದು ಕ್ಯಾಪಿನ ಒಳಗೆ ಕಳಚಿಕೊಂಡರೆ ಹೊರಗೆ ಏನೂ ಕಾಣುವುದಿಲ್ಲ, ಗಾಡಿ ಮಾತ್ರ ಸತಾಯಿಸುತ್ತದೆ. ಎರಡು ಮೂರು ಕ್ಯಾಪ್ ಇದ್ದರೆ ಒಂದೊಂದಾಗಿ ಮಾಡಿ, ಅದಲುಬದಲು ಆಗುವುದಿಲ್ಲ.

ಈಗ ಪಾನಾ ಹಾಕುವ ಮೊದಲು ಗುಂಡಿಯ ಒಳಗೆ ಬಗ್ಗಿ ನೋಡಿ. ಮಣ್ಣು, ಮರಳಿನ ಕಾಳು, ಒಣಗಿದ ಎಲೆಯ ತುಂಡು, ಏನಾದರೂ ಇದ್ದೇ ಇರುತ್ತದೆ. ಪ್ಲಗ್ ಎದ್ದ ಕ್ಷಣ ಅದೆಲ್ಲ ಸೀದಾ ಸಿಲಿಂಡರ್ ಒಳಗೆ. ಬ್ರಷ್ಷಿನಿಂದ ಕೆದಕಿ, ಪಂಪಿನಿಂದ ಊದಿ. ಕಣ್ಣು ದೂರ ಇಡಿ. ನಾನು ಹೇಗೂ ಅರ್ಧ ಸುತ್ತು ಸಡಿಲ ಮಾಡಿ ಇನ್ನೊಂದು ಸಲ ಊದುತ್ತೇನೆ. ಹೆಡ್ಡಿನಲ್ಲಿ ಪ್ಲಗ್ ಕೂರುವ ಸೀಟಿನ ಅಂಚಿಗೆ ಅಂಟಿಕೊಂಡಿದ್ದ ಮಣ್ಣು ಆಗಲೇ ಏಳುವುದು.

ಪಾನಾ ಪ್ಲಗ್ಗಿನ ಮೇಲೆ ಪೂರ್ತಿ, ನೇರವಾಗಿ ಕೂತಿರಬೇಕು. ಓರೆಯಾದರೆ ಪಿಂಗಾಣಿ ಒಡೆಯುತ್ತದೆ. ಸಡಿಲವಾದ ಮೇಲೆ ಕೈಯಲ್ಲೇ ತಿರುಗಿಸಿ ತೆಗೆಯಿರಿ. ತೆಗೆದ ತೂತಿಗೆ ಬಟ್ಟೆ ಮುಚ್ಚಿಡಿ. ಹಳೇ ವಾಷರ್ ಪ್ಲಗ್ ಜೊತೆಗೇ ಬಂತಾ ಅಂತಲೂ ನೋಡಿ. ಅದು ತೂತಿನಲ್ಲೇ ಉಳಿದು, ಹೊಸ ಪ್ಲಗ್ಗಿನ ಅಡಿ ಎರಡು ವಾಷರ್ ಆಗುವುದುಂಟು.

ಪ್ಲಗ್ ಜಪ್ಪಯ್ಯ ಅಂದ್ರೂ ಬರ್ತಿಲ್ಲ!

ಪಾನಾಗೆ ಉದ್ದದ ಪೈಪು ಸಿಗಿಸಿ ಜಗ್ಗಬೇಡಿ. ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಿ. ಮಾರನೇ ದಿನ ಸ್ವಲ್ಪ ಬಿಗಿ ಮಾಡುವ ಕಡೆ, ಸ್ವಲ್ಪ ಬಿಚ್ಚುವ ಕಡೆ ಆಡಿಸಿ. ತುಸು ಅಲುಗಿದರೆ ಮತ್ತೆ ಎಣ್ಣೆ, ಮತ್ತೆ ಹಿಂದೆ ಮುಂದೆ. ಎರಡು ದಿನವಾದರೂ ಜಗ್ಗದಿದ್ದರೆ ಗ್ಯಾರೇಜಿಗೆ ಒಯ್ಯಿರಿ. ಥ್ರೆಡ್ ಸಮೇತ ಕಿತ್ತು ಬಂದ ಮೇಲೆ ಒಯ್ಯುವುದಕ್ಕಿಂತ ಮೊದಲೇ ಒಯ್ಯುವುದು ಲೇಸು.

ಹೊಸ ಪ್ಲಗ್‌ಗೂ ಗ್ಯಾಪ್ ನೋಡಬೇಕಾ? ಕಂಪನಿಯವರೇ ಇಟ್ಟಿರ್ತಾರಲ್ವಾ?

ಇಟ್ಟಿರುತ್ತಾರೆ. ಆದರೆ ಡಬ್ಬಿ ಎಲ್ಲೋ ಬಿದ್ದು ಕೊಕ್ಕೆ ಒತ್ತಿಕೊಂಡಿರಬಹುದು. ಹೆಚ್ಚಿನ ಬೈಕುಗಳಿಗೆ 0.6ರಿಂದ 0.9 ಮಿಲಿಮೀಟರ್ ನಡುವೆ ಇರುತ್ತದೆ. ಫೀಲರ್ ಗೇಜಿನ ಎಲೆ ಸ್ವಲ್ಪ ತಡೆದು, ಸವರಿಕೊಂಡು ಹೋಗಬೇಕು. ಗ್ಯಾಪ್ ಸರಿ ಮಾಡುವಾಗ ಬಾಗಿದ ಕೊಕ್ಕೆಯನ್ನು ಮಾತ್ರ ಮುಟ್ಟಿ. ಕಿರಿದು ಮಾಡಲು ಮರದ ಹಲಗೆಗೆ ಮೆಲ್ಲಗೆ ತಟ್ಟಿದರೆ ಆಯಿತು. ನಡುವಿನ ಕಡ್ಡಿಗೆ ಸ್ಕ್ರೂ ಡ್ರೈವರ್ ಆನಿಸಿ ಮೀಟಬೇಡಿ, ಪಿಂಗಾಣಿ ಬಿರುಕು ಬಿಡುತ್ತದೆ. ಇರಿಡಿಯಂನಲ್ಲಂತೂ ಆ ಕಡ್ಡಿಯ ತುದಿ 0.4ರಿಂದ 0.6 ಮಿಲಿಮೀಟರ್ ದಪ್ಪ ಅಷ್ಟೇ, ಮುರಿದೇ ಹೋಗುತ್ತದೆ.

ಕೈ ಜಾರಿ ನೆಲಕ್ಕೆ ಬಿದ್ದ ಪ್ಲಗ್ ಹಾಕಬೇಡಿ. ಕೂದಲೆಳೆಯಷ್ಟು ಬಿರುಕು ಕಣ್ಣಿಗೆ ಕಾಣುವುದಿಲ್ಲ, ಕರೆಂಟಿಗೆ ಕಾಣುತ್ತದೆ.

ಪ್ಲಗ್ 'ಅಡ್ಡ ಕೂರಬಾರದು' ಅಂತಾರೆ. ಅಡ್ಡ ಕೂತಿದೆ ಅಂತ ಗೊತ್ತಾಗೋದು ಹೇಗೆ?

ಪ್ಲಗ್ಗಿನ ಥ್ರೆಡ್ ಹೆಡ್ಡಿನ ಥ್ರೆಡ್ಡಿಗೆ ಸರಿಯಾಗಿ ಸಿಗದೆ ಓರೆಯಾಗಿ ಕೊರೆದುಕೊಂಡು ಹೋಗುವುದೇ ಅಡ್ಡ ಕೂರುವುದು. ಪಾನಾ ಹಾಕಿ ಶುರು ಮಾಡಿದರೆ ಇದು ಗೊತ್ತೇ ಆಗುವುದಿಲ್ಲ. ರಾಡಿನ ಬಲಕ್ಕೆ ಅಲ್ಯೂಮಿನಿಯಂ ಮರುಮಾತಿಲ್ಲದೆ ದಾರಿ ಬಿಡುತ್ತದೆ.

ನನಗೆ ಇದು ಗೊತ್ತಾದದ್ದು ಹಾಗೇ. ಕತ್ತಲಾಗುತ್ತಿತ್ತು, ಮುಗಿಸುವ ಅವಸರ. ಪ್ಲಗ್ಗನ್ನು ಪಾನಾದಲ್ಲೇ ಇಟ್ಟು ಗುಂಡಿಗಿಳಿಸಿ ತಿರುಗಿಸಿದೆ. ಮೊದಲ ಸುತ್ತಿನಲ್ಲೇ ಸ್ವಲ್ಪ ಬಿಗಿ ಅನ್ನಿಸಿತು. ಹಳೇ ಗಾಡಿ, ಮಸಿ ಇರಬೇಕು ಅಂದುಕೊಂಡು ಇನ್ನೊಂದು ಸುತ್ತು ಹಾಕಿದೆ. ತೆಗೆದು ನೋಡಿದರೆ ಪ್ಲಗ್ಗಿನ ತುದಿಗೆ ಬೆಳ್ಳಿಯ ಎಳೆಯಂಥ ಚೂರು ಸುತ್ತಿಕೊಂಡಿತ್ತು. ಅದು ನನ್ನ ಹೆಡ್ಡು.

ಈಗ ಹೀಗೆ ಮಾಡುತ್ತೇನೆ. ಒಂದು ಗೇಣುದ್ದ ರಬ್ಬರ್ ಪೈಪು, ಪೆಟ್ರೋಲ್ ಪೈಪಿನ ತುಂಡಾದರೂ ಸರಿ, ಪ್ಲಗ್ಗಿನ ತಲೆಗೆ ಸಿಗಿಸುತ್ತೇನೆ. ಗುಂಡಿಗೆ ಇಳಿಸಿ ಮೊದಲು ಬಿಚ್ಚುವ ಕಡೆಗೇ ತಿರುಗಿಸುತ್ತೇನೆ. ಥ್ರೆಡ್ಡಿನ ಬಾಯಿ ಬಾಯಿಗೆ ಬಂದಾಗ 'ಟಕ್' ಅಂತ ಪ್ಲಗ್ ಒಂದು ಕೂದಲಷ್ಟು ಕೆಳಗೆ ಇಳಿದದ್ದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಬೇಕು. ಸರಿಯಾಗಿ ಸಿಕ್ಕಿದ್ದರೆ ಐದಾರು ಸುತ್ತು ಸರಾಗ ಹೋಗುತ್ತದೆ. ಅಡ್ಡ ಸಿಕ್ಕಿದ್ದರೆ ಪೈಪು ಪ್ಲಗ್ಗಿನ ತಲೆಯ ಮೇಲೆ ಸುಮ್ನೆ ಜಾರುತ್ತದೆ, ಥ್ರೆಡ್ ಕೆಡಿಸುವಷ್ಟು ಬಲ ಅದಕ್ಕಿಲ್ಲ. ಪ್ಲಗ್ ತಳ ಮುಟ್ಟುವ ತನಕ ಪಾನಾ ಕೈಗೆ ತೆಗೆದುಕೊಳ್ಳುವುದೇ ಇಲ್ಲ.

ಎಷ್ಟು ಬಿಗಿ ಮಾಡಬೇಕು? ನನ್ನ ಹತ್ರ ಟಾರ್ಕ್ ರೆಂಚ್ ಇಲ್ಲ.

ಟಾರ್ಕ್ ರೆಂಚ್ ಅಂದರೆ ಎಷ್ಟು ಬಲ ಬಿತ್ತು ಅಂತ ತೋರಿಸುವ ಪಾನಾ. ಅದು ಇದ್ದವರಿಗೆ ಅಂಕಿ: 10 ಮಿಲಿಮೀಟರ್ ಥ್ರೆಡ್‌ಗೆ 10ರಿಂದ 12 ನ್ಯೂಟನ್ ಮೀಟರ್, 12ಕ್ಕೆ 15ರಿಂದ 20, 14ಕ್ಕೆ 25ರಿಂದ 30.

ಇಲ್ಲದವರು ಸುತ್ತು ಲೆಕ್ಕ ಮಾಡಿ. ಬೆರಳಲ್ಲಿ ತಿರುಗಿಸಿ ವಾಷರ್ ತಳಕ್ಕೆ ತಾಗಿದ ಮೇಲೆ, ಹೊಸ ಪ್ಲಗ್ ಆದರೆ ಪಾನಾದಿಂದ ಸುಮಾರು ಅರ್ಧ ಸುತ್ತು. ಒಮ್ಮೆ ಹಾಕಿ ತೆಗೆದ ಪ್ಲಗ್ ಆದರೆ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಸುತ್ತಿನ ಹನ್ನೆರಡನೇ ಒಂದು ಪಾಲು ಸಾಕು. ಗಡಿಯಾರದ ಮುಳ್ಳು 12ರಿಂದ 1ಕ್ಕೆ ಹೋದಷ್ಟು. ವಾಷರ್ ಇಲ್ಲದ, ಇಳಿಜಾರು ಸೀಟಿನ ಪ್ಲಗ್ ಆದರೆ ಹದಿನಾರನೇ ಒಂದು ಪಾಲು. ಹೆಚ್ಚಿನ ಡಬ್ಬಿಗಳ ಮೇಲೆ ಇದರ ಚಿತ್ರವೇ ಇರುತ್ತದೆ. ಅದರಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ.

ಕೈಗೂ ತಿಳಿಯುತ್ತದೆ. ವಾಷರ್ ಅಮುಕುತ್ತಿರುವಾಗ ಪಾನಾ ಗಟ್ಟಿ ಬೆಲ್ಲ ಒತ್ತಿದ ಹಾಗೆ ನಿಧಾನವಾಗಿ ಸಾಗುತ್ತದೆ, ಆಮೇಲೆ ಗಕ್ಕನೆ ಬಿಗಿಯಾಗುತ್ತದೆ. ಅಲ್ಲೇ ಬಿಟ್ಟುಬಿಡಿ. 'ಇನ್ನೊಂದು ಚೂರು' ಅನ್ನುವ ಆಸೆಯೇ ಹೆಡ್ಡಿಗೆ ಕುತ್ತು. ಹಾಗಂತ ಸಡಿಲ ಬಿಟ್ಟರೂ ಕಷ್ಟ: ಪ್ಲಗ್ಗಿನ ಬಿಸಿ ಹೆಡ್ಡಿಗೆ ಇಳಿಯುವುದು ಆ ಸೀಟು, ಥ್ರೆಡ್ಡಿನ ಮೂಲಕವೇ. ಸಡಿಲವಾದ ಪ್ಲಗ್ ಕಾದು ಕೆಂಪಾಗುತ್ತದೆ.

ಥ್ರೆಡ್‌ಗೆ ಗ್ರೀಸೋ ಎಣ್ಣೆಯೋ ಸವರಬೇಕಾ?

ಬೇಡ. ಈಗಿನ ಪ್ಲಗ್ಗುಗಳಿಗೆ ಲೋಹದ ಲೇಪ ಇರುತ್ತದೆ, ಅಷ್ಟು ಸಾಕು. ಥ್ರೆಡ್ ಜಾರಿದರೆ ಅದೇ ಬಲಕ್ಕೆ ಪ್ಲಗ್ ಜಾಸ್ತಿ ಬಿಗಿಯಾಗುತ್ತದೆ, ಮೇಲೆ ಹೇಳಿದ ಅಂಕಿಗಳೆಲ್ಲ ಒಣ ಥ್ರೆಡ್ಡಿನವು.

## ಹಳೇ ಪ್ಲಗ್ ಓದುವುದು

ಬಿಚ್ಚಿದ ಪ್ಲಗ್ ಕಪ್ಪಗಿದೆ. ಎಂಜಿನ್ ಹೋಯ್ತಾ?

ಗಾಬರಿ ಬೇಡ, ಮೊದಲು ಬೆರಳಲ್ಲಿ ಒರೆಸಿ ನೋಡಿ. ಒಣ ಮಸಿಯಾಗಿದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ ಅಂತ ಅರ್ಥ. ಕಟ್ಟಿಕೊಂಡ ಏರ್ ಫಿಲ್ಟರ್, ಎಳೆದೇ ಬಿಟ್ಟ ಚೋಕ್, ದಿನಾ ಒಂದೆರಡು ಕಿಲೋಮೀಟರ್ ಮಾತ್ರ ಓಡಿಸುವುದು, ಇವೇ ಕಾರಣ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಓವರ್‌ಫ್ಲೋ ಆಗಿದೆ ಅಥವಾ ಕಿಡಿಯೇ ಬರುತ್ತಿಲ್ಲ. ಜಿಡ್ಡಾಗಿ, ಒರೆಸಿದರೂ ಹೋಗದ ಹಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗ್ ಇಲ್ಲವೇ ವಾಲ್ವ್ ಸೀಲ್ ನೋಡಬೇಕು. ಟೂ ಸ್ಟ್ರೋಕ್ ಗಾಡಿಯಲ್ಲಿ ಮಾತ್ರ ಸ್ವಲ್ಪ ಜಿಡ್ಡು ಮಾಮೂಲಿ, ಅಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಯುತ್ತದೆ.

ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ನನಗೆ ಕಪ್ಪಿಗಿಂತ ಭಯ ಹುಟ್ಟಿಸುವುದು ಬಿಳಿ. ಸುಣ್ಣದ ಹಾಗೆ ಬೆಳ್ಳಗಾಗಿ, ಕಡ್ಡಿಯ ತುದಿ ಕರಗಿದಂತೆ, ಪಿಂಗಾಣಿಯ ಮೇಲೆ ಗುಳ್ಳೆ ಎದ್ದಂತೆ ಕಂಡರೆ ಎಂಜಿನ್ ಮಿತಿಮೀರಿ ಕಾಯುತ್ತಿದೆ. ಎಲ್ಲೋ ಗಾಳಿ ಸೋರಿ ಒಳಗೆ ಬರುತ್ತಿದೆ, ಪೆಟ್ರೋಲ್ ಸಾಲುತ್ತಿಲ್ಲ, ಟೈಮಿಂಗ್ ತಪ್ಪಿದೆ ಅಥವಾ ತಪ್ಪು ಪ್ಲಗ್ ಹಾಕಿದೆ. ಹೊಸ ಪ್ಲಗ್ ಹಾಕಿ ಓಡಿಸುತ್ತಾ ಹೋದರೆ ಮುಂದೆ ತೂತಾಗುವುದು ಪಿಸ್ಟನ್.

ಹೊರಗಿನ ಬಿಳಿ ಪಿಂಗಾಣಿ ಬುಡದಲ್ಲಿ ಕಂದು ಬಣ್ಣದ ಉಂಗುರ ಇದೆ. ಲೀಕ್ ಆಗಿದೆಯಾ?

ಇಲ್ಲ. ಹೈ ವೋಲ್ಟೇಜ್ ಇರುವಲ್ಲಿ ಗಾಳಿಯಲ್ಲಿರುವ ಎಣ್ಣೆಯ ಕಣಗಳು ಬಂದು ಅಂಟಿಕೊಂಡ ಕಲೆ ಅದು. ಪ್ಲಗ್ಗಿಗೆ ಏನೂ ಆಗಿಲ್ಲ.

ಹಳೇ ಪ್ಲಗ್ ಉಜ್ಜಿ ಮತ್ತೆ ಹಾಕಬಹುದಾ?

ಕಡ್ಡಿಯ ಅಂಚು ಇನ್ನೂ ಚೂಪಾಗಿದ್ದು, ಬರೀ ಮಸಿ ಹಿಡಿದಿದ್ದರೆ ಹಾಕಬಹುದು. ಪೆಟ್ರೋಲಿನಲ್ಲಿ ಅದ್ದಿ, ನೈಲಾನ್ ಬ್ರಷ್ಷಿನಿಂದ ತಿಕ್ಕಿ, ಪೂರ್ತಿ ಒಣಗಿಸಿ, ಗ್ಯಾಪ್ ನೋಡಿ ಹಾಕಿ. ಬೆಂಕಿಗೆ ಹಿಡಿದು ಸುಡಬೇಡಿ. ತಂತಿ ಬ್ರಷ್ ಬೇಡ. ಅದು ಪಿಂಗಾಣಿಯ ಮೇಲೆ ಪೆನ್ಸಿಲ್ ಗೆರೆಯಂತೆ ಲೋಹದ ಗೆರೆ ಬಿಡುತ್ತದೆ, ಕರೆಂಟು ಗ್ಯಾಪ್ ದಾಟುವ ಬದಲು ಆ ಗೆರೆ ಹಿಡಿದು ಇಳಿದುಬಿಡುತ್ತದೆ. ಕಡ್ಡಿಯ ಅಂಚು ಗುಂಡಗಾಗಿದ್ದರೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಕಿಡಿ ಚೂಪು ಅಂಚಿನಿಂದ ಸುಲಭವಾಗಿ ಹಾರುತ್ತದೆ.

## ಸ್ವಲ್ಪ ಆಳಕ್ಕೆ

ಇರಿಡಿಯಂ ಹಾಕಿದ್ರೆ ಪಿಕಪ್, ಮೈಲೇಜ್ ಜಾಸ್ತಿ ಆಗುತ್ತಾ?

ಸವೆದ ಪ್ಲಗ್ ತೆಗೆದು ಇರಿಡಿಯಂ ಹಾಕಿದವರು ಆಗುತ್ತೆ ಅನ್ನುತ್ತಾರೆ. ಅದೇ ಜಾಗಕ್ಕೆ ಹೊಸ ನಿಕಲ್ ಪ್ಲಗ್ ಹಾಕಿದ್ದರೂ ಹಾಗೇ ಅನ್ನಿಸುತ್ತಿತ್ತು. ಇರಿಡಿಯಂನ ನಿಜವಾದ ಗುಣ ಬಾಳಿಕೆ. ನಿಕಲ್ 1,455 ಡಿಗ್ರಿಗೆ ಕರಗುತ್ತದೆ, ಇರಿಡಿಯಂ 2,400 ಡಿಗ್ರಿ ದಾಟಬೇಕು. ಹಾಗಾಗಿ ಕಡ್ಡಿಯನ್ನು ಸೂಜಿಯಷ್ಟು ಸಣ್ಣ ಮಾಡಬಹುದು, ಸಣ್ಣ ತುದಿಯಿಂದ ಕಿಡಿ ಕಮ್ಮಿ ವೋಲ್ಟೇಜಿಗೇ ಹಾರುತ್ತದೆ. ಟ್ಯಾಂಕ್ ಎತ್ತಿ ಪ್ಲಗ್ ಬದಲಾಯಿಸಬೇಕಾದ ಬೈಕಿಗೆ ಇರಿಡಿಯಂ ಹಾಕಿ, ಕಷ್ಟ ಒಂದೇ ಸಲ. ಹತ್ತು ನಿಮಿಷದಲ್ಲಿ ಬಿಚ್ಚಬಹುದಾದ ಗಾಡಿಗೆ ನಿಕಲ್ಲೇ ಸಾಕು, ಅನ್ನುವುದು ನನ್ನ ಅಭಿಪ್ರಾಯ.

ಹಾಟ್ ಪ್ಲಗ್, ಕೋಲ್ಡ್ ಪ್ಲಗ್ ಅಂದ್ರೇನು? ಕೋಲ್ಡ್ ಹಾಕಿದ್ರೆ ಎಂಜಿನ್ ತಣ್ಣಗಿರುತ್ತಾ?

ಇರುವುದಿಲ್ಲ. ಇದು ಕಿಡಿಯ ಬಿಸಿಯ ಮಾತೂ ಅಲ್ಲ, ಎಂಜಿನ್ನಿನ ಬಿಸಿಯ ಮಾತೂ ಅಲ್ಲ. ಪ್ಲಗ್ ತನ್ನ ತುದಿಯ ಬಿಸಿಯನ್ನು ಎಷ್ಟು ಬೇಗ ಹೆಡ್ಡಿಗೆ ದಾಟಿಸುತ್ತದೆ ಅನ್ನುವ ಲೆಕ್ಕ. ತುದಿ ಸುಮಾರು 450 ಡಿಗ್ರಿಗಿಂತ ಮೇಲಿದ್ದರೆ ಕೂತ ಮಸಿ ತಾನೇ ಉರಿದು ಹೋಗುತ್ತದೆ. 850 ದಾಟಿದರೆ ಕಿಡಿ ಬರುವ ಮೊದಲೇ ಕಾದ ತುದಿಯಿಂದ ಪೆಟ್ರೋಲ್ ಹೊತ್ತಿಕೊಳ್ಳುವ ಅಪಾಯ. ಈ ಎರಡರ ನಡುವೆ ಇರಿಸುವ ಪ್ಲಗ್ಗನ್ನೇ ಬೈಕ್ ತಯಾರಿಸಿದವರು ಹೇಳಿರುತ್ತಾರೆ. ಅಂಕಿ ಓದುವಾಗ ಎಚ್ಚರ: ಎನ್‌ಜಿಕೆ, ಡೆನ್ಸೊದಲ್ಲಿ ಅಂಕಿ ದೊಡ್ಡದಾದಷ್ಟೂ ಕೋಲ್ಡ್. ಬಾಷ್, ಚಾಂಪಿಯನ್‌ನಲ್ಲಿ ತಿರುಗಾ ಮುರುಗಾ.

ಕಿಡಿ ಬರ್ತಿದೆಯಾ ಅಂತ ನೋಡೋದು ಹೇಗೆ?

ಬಿಚ್ಚಿದ ಪ್ಲಗ್ಗನ್ನು ಕ್ಯಾಪಿಗೆ ಸಿಗಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ಗಟ್ಟಿಯಾಗಿ ತಾಗಿಸಿಟ್ಟು ಸೆಲ್ಫ್ ಒತ್ತಬೇಕು. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬೇಡಿ, ಅಲ್ಲಿರುವುದು ಹತ್ತು ಸಾವಿರಕ್ಕೂ ಹೆಚ್ಚು ವೋಲ್ಟ್. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ. ತೂತಿಗೆ ಬಟ್ಟೆ ತುರುಕಿ, ಕಿಡಿಯನ್ನು ಅದರಿಂದ ದೂರ ಇಡಿ. ಇಂಜೆಕ್ಷನ್ ಗಾಡಿಯಾದರೆ ಮೊದಲು ಇಂಜೆಕ್ಟರ್ ಕನೆಕ್ಟರ್ ಕಳಚಿ. ಪ್ಲಗ್ ಎಲ್ಲೂ ತಾಗದೆ ನೇತಾಡುತ್ತಿರುವಾಗ ಸೆಲ್ಫ್ ಒತ್ತಿದರೆ ಕಾಯಿಲ್, ಕಿಡಿ ನಡೆಸುವ ಸಿಡಿಐ ಡಬ್ಬಿ, ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್ ಆದ ಇಸಿಯು ಸುಟ್ಟುಹೋಗಬಹುದು.

ನೀಲಿ ಬಿಳುಪಿನ, ಚಟಪಟ ಸದ್ದಿನ ಕಿಡಿ ಒಳ್ಳೆಯದು. ಆದರೆ ಹೊರಗೆ ಕಿಡಿ ಬಂತು ಅಂದ ಮಾತ್ರಕ್ಕೆ ಪ್ಲಗ್ ಪಾಸಾಯಿತು ಅಂತಲ್ಲ. ಸಿಲಿಂಡರ್ ಒಳಗಿನ ಒತ್ತಡದಲ್ಲಿ ಕಿಡಿ ಹಾರುವುದು ಹೊರಗಿನ ಗಾಳಿಗಿಂತ ಎಷ್ಟೋ ಕಷ್ಟ.

'ಆರ್' ಇಲ್ಲದ ಪ್ಲಗ್ ಹಾಕಿದ್ರೆ ಏನಾಗುತ್ತೆ?

ಆ ರೆಸಿಸ್ಟರ್ ಸಾಮಾನ್ಯವಾಗಿ 5 ಕಿಲೋ ಓಮ್ ಆಸುಪಾಸಿನದು. ಕಿಡಿಯಿಂದ ಏಳುವ ರೇಡಿಯೋ ಗದ್ದಲವನ್ನು ತಗ್ಗಿಸುವುದೇ ಅದರ ಕೆಲಸ. ಇಂಜೆಕ್ಷನ್ ಗಾಡಿಯಲ್ಲಿ ಅದಿಲ್ಲದಿದ್ದರೆ ಆ ಗದ್ದಲ ಸೆನ್ಸರ್‌ಗಳನ್ನು, ಇಸಿಯುವನ್ನು ಗಲಿಬಿಲಿ ಮಾಡಬಹುದು. ಹಳೇ ಗಾಡಿಯಲ್ಲಿ ಏನೂ ಗೊತ್ತಾಗದಿರಬಹುದು.

ಹೆಡ್‌ನಲ್ಲಿ ಥ್ರೆಡ್ ಹೋಗಿದೆ. ಹೊಸ ಹೆಡ್ಡೇ ಹಾಕಬೇಕಾ?

ಬೇಕಾಗಿಲ್ಲ. ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಒಳಗೆ ಉಕ್ಕಿನ ಸುರುಳಿಯನ್ನೋ ಬುಷ್ಷನ್ನೋ ಕೂರಿಸುತ್ತಾರೆ. ಹೆಲಿಕಾಯಿಲ್ ಅನ್ನುವುದು ಇದೇ. ಸರಿಯಾಗಿ ಮಾಡಿದರೆ ಮೊದಲಿಗಿಂತ ಗಟ್ಟಿ. ಆದರೆ ಕೊರೆದ ಚೂರು ಸಿಲಿಂಡರ್ ಒಳಗೆ ಬೀಳಬಾರದು, ತೂತು ಓರೆಯಾಗಬಾರದು. ಹೆಡ್ ಬಿಚ್ಚಿ ಮಾಡಿಸುವುದೇ ಸರಿ. ಇದೊಂದನ್ನು ಮನೆಯಲ್ಲಿ ಮಾಡಿ ಅಂತ ನಾನು ಹೇಳುವುದಿಲ್ಲ.

ಹೊಸ ಪ್ಲಗ್ ಹಾಕಿದ ಮೇಲೂ ಮಿಸ್ಸಿಂಗ್ ಹೋಗಿಲ್ಲ!

ಕ್ಯಾಪ್ ಪೂರ್ತಿ ಕೂತಿದೆಯಾ ನೋಡಿ, ಒತ್ತಿದಾಗ ಹಿಡಿದುಕೊಂಡದ್ದು ಕೈಗೆ ತಿಳಿಯಬೇಕು. ಪ್ಲಗ್ಗಿನ ತಲೆಯ ಮೇಲಿನ ಸಣ್ಣ ಅಲ್ಯೂಮಿನಿಯಂ ನಟ್ಟು ಸಡಿಲವಿದ್ದರೂ ಇದೇ ಗೋಳು. ಕೆಲವು ಕ್ಯಾಪಿಗೆ ಆ ನಟ್ಟು ಬೇಕು, ಕೆಲವಕ್ಕೆ ತೆಗೆಯಬೇಕು, ಹಳೇ ಪ್ಲಗ್ ನೋಡಿದರೆ ಗೊತ್ತಾಗುತ್ತದೆ. ಆಮೇಲೆ ಕ್ಯಾಪಿನ ಒಳಗೆ ಹಸಿರು ಕಿಲುಬು, ನೀರು, ಬಿರುಕು ಇದೆಯಾ ನೋಡಿ. ಅಷ್ಟೂ ಸರಿಯಿದ್ದರೆ ಏರ್ ಫಿಲ್ಟರ್, ಪೆಟ್ರೋಲ್ ಬರುವ ದಾರಿ, ವಾಲ್ವ್ ಕ್ಲಿಯರೆನ್ಸ್, ಈ ಸಾಲಿನಲ್ಲಿ ಹೋಗಿ.

ಒಂದು ಮಳೆಗಾಲದಲ್ಲಿ ನನ್ನ ಗಾಡಿಗೆ ಹದಿನೈದು ದಿನದಲ್ಲಿ ಮೂರು ಪ್ಲಗ್ ಹಾಕಿದೆ. ಬಿಸಿಲಿದ್ದರೆ ಸರಿ, ತೇವ ಇದ್ದರೆ ಮಿಸ್ಸಿಂಗ್. ಕೊನೆಗೆ ರಾತ್ರಿ ದೀಪ ಆರಿಸಿ, ಗಾಡಿ ಸ್ಟಾರ್ಟ್ ಮಾಡಿ, ಕ್ಯಾಪಿನ ಮೇಲೆ ಸ್ಪ್ರೇ ಬಾಟಲಿಯಿಂದ ಒಂದಿಷ್ಟು ನೀರು ಚಿಮುಕಿಸಿದೆ. ಕ್ಯಾಪಿನ ಬದಿಯಿಂದ ಹೆಡ್ಡಿಗೆ ನೀಲಿ ಎಳೆಯೊಂದು ಮಿಣಿಮಿಣಿ ಅಂತ ಹರಿದಾಡಿತು. ಹಗಲಲ್ಲಿ ಕಾಣದ ಬಿರುಕು. ಕ್ಯಾಪ್ ಬದಲಾಯಿಸಿದೆ. ಆ ಮೂರರಲ್ಲಿ ಎರಡು ಪ್ಲಗ್ ಇನ್ನೂ ಡಬ್ಬಿಯಲ್ಲಿವೆ, ಹೊಸದರ ಹಾಗೇ.